ಉಡಿಯೊಳಗಿನ ಚೀಟಿ

ನನಗೆ ವೈರಸ್ಸುಗಳ ಮೇಲೆ ಒಂದು ಕಳ್ಳ ಪ್ರೀತಿ ಇದೆ. ಸಿಂದಗಿಯ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು ಹೀಗೆ ಬರೆಯಬಾರದೇನೋ. ಆದರೆ ಮೊದಲು ಇಂಡಿಯಲ್ಲಿ, ಆಮೇಲೆ ಬಸವನ ಬಾಗೇವಾಡಿಯಲ್ಲಿ, ಈಗ ಇಲ್ಲಿ, ವರ್ಗಾವಣೆ ಆದಲ್ಲೆಲ್ಲ ಅದದೇ ಪಾಠಗಳನ್ನು ಹೇಳಿ ಹೇಳಿ ನನಗೆ ಬೇಸರ ತರಿಸದೆ ಉಳಿದದ್ದು ಅದೊಂದೇ. ಎಲೆಯ ಭಾಗಗಳನ್ನು ಬೋರ್ಡಿನ ಮೇಲೆ ಬಿಡಿಸುವಾಗ ನನಗೇ ಆಕಳಿಕೆ ಬರುತ್ತದೆ. ವೈರಸ್ಸಿನ ಪಾಠದ ದಿನ ಮಾತ್ರ ಸೀರೆಯ ಸೆರಗು ಸಿಕ್ಕಿಸಿಕೊಂಡೇ ತರಗತಿಗೆ ಹೋಗುತ್ತೇನೆ.

ನಮ್ಮ ಮೈಯ ಜೀವಕೋಶಗಳಿಗೆ ಸಾಯುವುದು ಗೊತ್ತು ಎಂದು ಶುರು ಮಾಡುತ್ತೇನೆ. ತಾಯಿಯ ಹೊಟ್ಟೆಯಲ್ಲಿದ್ದಾಗ ನಮ್ಮ ಅಂಗೈ ಬಾತುಕೋಳಿಯ ಕಾಲಿನ ಹಾಗೆ ಇರುತ್ತದೆ. ನಡುವಿನ ಕೋಶಗಳು ತಾವಾಗಿ ಸತ್ತು ಜಾಗ ಬಿಟ್ಟುಕೊಟ್ಟಿದ್ದಕ್ಕೆ ಐದು ಬೆರಳಾದವು. ದೊಡ್ಡವರಾದ ಮೇಲೂ ಅಷ್ಟೆ. ಒಂದು ಕೋಶಕ್ಕೆ ಪೆಟ್ಟು ಬಿದ್ದರೆ, ಅಥವಾ ಒಳಗೆ ವೈರಸ್ಸು ಹೊಕ್ಕಿದೆ ಎಂದು ತಿಳಿದರೆ, ಅಕ್ಕಪಕ್ಕದವರಿಗೆ ಹರಡದಿರಲಿ ಎಂದು ಅದು ಸದ್ದಿಲ್ಲದೆ ತನ್ನನ್ನು ತಾನು ಮುಗಿಸಿಕೊಳ್ಳುತ್ತದೆ. ಈ ತೀರ್ಮಾನ ಮಾಡುವವುಗಳಲ್ಲಿ ಮುಖ್ಯವಾದದ್ದು ಪಿ೫೩ ಎಂಬ ನೀರಸ ಹೆಸರಿನ ಒಂದು ಪ್ರೋಟೀನು. ಪ್ರತಿ ವರ್ಷವೂ ಸೀಮೆಸುಣ್ಣ ಕೆಳಗಿಟ್ಟು ಇದನ್ನು ಎರಡೆರಡು ಸಲ ಹೇಳುತ್ತೇನೆ. ಹಿಂದಿನ ಬೆಂಚಿನ ಹುಡುಗಿಯರು ಮುಸಿಮುಸಿ ನಗುತ್ತಾರೆ. ನಗಲಿ.

ಈ ಕಥೆ ಮಾತ್ರ ಕಾಲೇಜಿನದಲ್ಲ, ನನ್ನ ವೈನಿಯದು. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ನಾಲತವಾಡದಲ್ಲಿ ಕುಪ್ಪಸ ಹೊಲಿಯುತ್ತಾಳೆ. ನಾನು ಮುದ್ದೇಬಿಹಾಳದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದಾಗ ನನಗಿಂತ ಮೊದಲೇ ಎದ್ದು ಡಬ್ಬಿ ಕಟ್ಟಿಕೊಟ್ಟವಳು ಅವಳು. ಅಣ್ಣ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವಳ ಹೊಲಿಗೆಯ ಶಿಸ್ತು ಊರಿಗೇ ಗೊತ್ತು. ಹೊಲಿಗೆ ತಪ್ಪಿತೆಂದರೆ ಅಲ್ಲಿಗೇ ಮಷಿನ್ನು ನಿಲ್ಲಿಸುತ್ತಾಳೆ, ಬಿಚ್ಚುತ್ತಾಳೆ, ಸರಿ ಮಾಡುತ್ತಾಳೆ. ಸರಿ ಮಾಡಲು ಬಾರದಷ್ಟು ಕೆಟ್ಟಿದ್ದರೆ ಆ ಬಟ್ಟೆಯನ್ನು ಬದಿಗಿಟ್ಟು ಹೊಸ ಬಟ್ಟೆ ಕತ್ತರಿಸುತ್ತಾಳೆಯೇ ಹೊರತು ಹೇಗೋ ಮುಚ್ಚಿ ಕಳಿಸಿದ್ದನ್ನು ನಾನು ನೋಡಿಲ್ಲ.

ಕಳೆದ ವರ್ಷ ಬೇಸಿಗೆ ರಜೆಯಲ್ಲಿ ನಾನು ನಾಲತವಾಡಕ್ಕೆ ಹೋಗಿದ್ದಾಗ ಅಲ್ಲಿಯ ಸಮುದಾಯ ಭವನದಲ್ಲಿ ಹೆಂಗಸರ ತಪಾಸಣೆ ಶಿಬಿರ ಇತ್ತು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಶುರುವಾಗುವ ಮೊದಲೇ ಹಿಡಿಯುವ ತಪಾಸಣೆ. ಮಾಡುವುದು ಸರಳ: ವಿನೆಗರ್‌ನಂಥ ತೆಳು ಆಮ್ಲವನ್ನು ಅಲ್ಲಿಗೆ ಹಚ್ಚಿ ಒಂದು ನಿಮಿಷ ಕಾಯಬೇಕು, ಕೆಟ್ಟ ಹಾದಿ ಹಿಡಿದ ಜಾಗ ಬೆಳ್ಳಗಾಗಿ ಕಾಣುತ್ತದೆ. ಕಷ್ಟವೆಲ್ಲ ಹೆಂಗಸರನ್ನು ಕರೆತಂದು ಆ ಮೇಜಿನ ಮೇಲೆ ಮಲಗಿಸುವುದರಲ್ಲಿದೆ. ಅದನ್ನು ಮಾಡುತ್ತಿದ್ದವರು ಒಬ್ಬ ನರ್ಸಬಾಯಾರು. ಗಿಡ್ಡ ಆಳು, ದೊಡ್ಡ ಗಂಟಲು, ಕೈಯಲ್ಲಿ ಗಂಡಸರ ವಾಚು. ಕ್ಯಾನ್ಸರ್ ಎಂಬ ಮಾತನ್ನು ಅವರು ಬಾಯಿಂದ ಹೊರಗೇ ಬಿಡುತ್ತಿರಲಿಲ್ಲ. ಬಂದವರೆಲ್ಲರಿಗೂ ತಪಾಸಣೆ ಮುಗಿದ ಮೇಲೆ ಕುಂಕುಮ ಹಚ್ಚಿ ಉಡಿ ತುಂಬುತ್ತಿದ್ದರು, ಒಡ್ಡಿದ ಸೆರಗಿನ ಮಡಿಲಿಗೆ: ಒಂದು ಕುಪ್ಪಸದ ಖಣ, ಅದರಲ್ಲಿ ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಅರಿಷಿಣ ಬೇರು. ತವರಿಗೆ ಬಂದ ಮಗಳನ್ನು ಕಳಿಸುವಾಗ ಮಾಡುತ್ತಾರಲ್ಲ, ಹಾಗೆ. ಸರಕಾರದ ಯಾವ ಆದೇಶದಲ್ಲೂ ಇಲ್ಲದ ಈ ಪದ್ಧತಿಯನ್ನು ಅವರೇ ಹುಟ್ಟುಹಾಕಿದ್ದರು. ಆಸ್ಪತ್ರೆ ಎಂದರೆ ಮಾರುದೂರ ಓಡುವ ಹೆಂಗಸರು ಅಂದು ಬಾಗಿಲ ಹೊರಗಿನವರೆಗೂ ಸಾಲು ಹಚ್ಚಿದ್ದರು.

ನಮ್ಮ ಮನೆತನದಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ಉಡಿ ತುಂಬುವುದಿಲ್ಲ. ಒಂಬತ್ತು ವರ್ಷ ಊರವರ ಉಡಿಯ ಖಣಗಳನ್ನೆಲ್ಲ ಕುಪ್ಪಸ ಮಾಡಿಕೊಟ್ಟ ವೈನಿಗೆ ಒಂದು ಖಣ ಕೊಟ್ಟವರಿಲ್ಲ. ಇದು ತಪ್ಪೆಂದು ಗೊತ್ತಿದ್ದೂ ನಾನೂ ಕೊಟ್ಟಿರಲಿಲ್ಲ. ಅಂದು ತಪಾಸಣೆ ಮುಗಿಸಿ ಹೊರಬಂದ ವೈನಿ ಸೆರಗು ಮುದುಡಿಕೊಂಡು ಹಿಂದೆ ಸರಿದಳು.

"ನನಗ ಬ್ಯಾಡ್ರಿ. ನಾ ಹಂಗಲ್ಲ," ಎಂದಳು.

"ಹಂಗಲ್ಲ ಅಂದ್ರ ಹ್ಯಾಂಗ್ರಿ? ಹೆಣ್ಣಮಗಳು ಹೌದೋ ಅಲ್ಲೋ? ಉಡಿ ಒಡ್ರಿ," ಎಂದು ನರ್ಸಬಾಯಾರು ಗದರಿಸಿದರು.

ವೈನಿ ಉಡಿ ಒಡ್ಡಿದಳು. ಒಡ್ಡಿದವಳು ಗಳಗಳ ಅತ್ತಳು. ನರ್ಸಬಾಯಾರು ಒಂದು ಚೀಟಿಯನ್ನು ಮಡಚಿ ಅಕ್ಕಿಯೊಳಗೇ ಇಟ್ಟು, ಬರುವ ಸೋಮವಾರ ಮುದ್ದೇಬಿಹಾಳದ ದವಾಖಾನೆಗೆ ಬರಬೇಕೆಂದು ಏನೋ ಹೇಳಿದರಂತೆ. ಅಳುವ ಭರದಲ್ಲಿ ವೈನಿಯ ಕಿವಿಗೆ ಅದು ಬೀಳಲೇ ಇಲ್ಲ. ಕೇಳಿಸಿಕೊಳ್ಳಬೇಕಾಗಿದ್ದ ನಾನು ಅಷ್ಟರಲ್ಲಿ ಹೊರಗೆ ಹೋಗಿ ಪ್ರಿನ್ಸಿಪಾಲರ ಜೊತೆ ಫೋನಿನಲ್ಲಿ ಮೌಲ್ಯಮಾಪನದ ಡ್ಯೂಟಿಗಾಗಿ ಜಗಳಾಡುತ್ತಿದ್ದೆ.

ಉಡಿಯ ಅಕ್ಕಿಯನ್ನು ಮನೆಗೆ ತಂದು ಅನ್ನ ಮಾಡಿ ಉಣ್ಣುವುದು ವಾಡಿಕೆ. ವೈನಿಗೆ ಅದನ್ನು ಬಿಚ್ಚಲು ಮನಸ್ಸಾಗಲಿಲ್ಲ. ಕಟ್ಟಿದ ಗಂಟನ್ನು ಹಾಗೇ ದೇವರ ಮುಂದೆ ಇಟ್ಟಳು. ಉಡಿ ತುಂಬಿದರೆಂದರೆ ಎಲ್ಲ ಚೆನ್ನಾಗಿದೆ ಎಂದೇ ಅರ್ಥ ಎಂದುಕೊಂಡಳು. ಬೇರೆ ಊರಿನವರು ಹೀಗೆ ತಿಳಿಯಲಿಕ್ಕಿಲ್ಲ. ಕೆಟ್ಟ ಸುದ್ದಿ ಇದ್ದಲ್ಲಿ ಅರಿಷಿಣ ಕುಂಕುಮ ಬರುವುದಿಲ್ಲ ಎಂದು ನಂಬಿದ ನಮ್ಮಂಥವರಿಗೆ ಅದು ಸಹಜವಾಗಿ ಕಂಡಿತು. ನಾನೂ ಏನಾಯಿತೆಂದು ಕೇಳಲಿಲ್ಲ. ಸಿಂದಗಿಗೆ ಮರಳಿ ಬಂದೆ.

ಮೂರು ತಿಂಗಳ ಮೇಲೆ, ಒಂದು ರವಿವಾರ ನಾನು ನಾಲತವಾಡದಲ್ಲಿದ್ದಾಗ, ಬಾಗಿಲಲ್ಲಿ ನರ್ಸಬಾಯಾರು ನಿಂತಿದ್ದರು. ವೈನಿ ಕೊಟ್ಟ ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಿತ್ತಂತೆ. ಹೆಸರು ಹಿಡಿದು ಓಣಿ ಓಣಿ ಕೇಳುತ್ತ ಬಂದಿದ್ದರು, ರಜೆಯ ದಿನ, ತಾವಾಗಿಯೇ.

"ಚೀಟಿ ನೋಡಲಿಲ್ಲೇನ್ರಿ?" ಎಂದರು.

"ಯಾವ ಚೀಟಿ?" ಎಂದಳು ವೈನಿ.

ದೇವರ ಮುಂದಿನ ಗಂಟು ಕೆಳಗೆ ಬಂತು. ಅಕ್ಕಿಗೆ ಹುಳ ಬಿದ್ದಿದ್ದವು. ನಡುವೆ ಕುಂಕುಮ ಮೆತ್ತಿದ ಚೀಟಿ: ಬಿಳಿ ಕಲೆ ಕಂಡಿದೆ, ಡಾಕ್ಟರರನ್ನು ನೋಡಬೇಕು. ಸಿಟ್ಟು ಬಂದರೆ ನನಗೆ ಎದುರಿಗೆ ಯಾರಿದ್ದಾರೆ ಎಂಬುದು ಕಾಣುವುದಿಲ್ಲ. ಇಂಥ ಚೀಟಿಯನ್ನು ಅಕ್ಕಿಯಲ್ಲಿ ಹುಗಿದು ಕೊಡುವುದು ಯಾವ ಸೀಮೆಯ ಕೆಲಸ ಎಂದು ಹರಿಹಾಯ್ದೆ.

ನರ್ಸಬಾಯಾರು ತಲೆ ತಗ್ಗಿಸಲಿಲ್ಲ, ಎದುರು ಮಾತಾಡಲೂ ಇಲ್ಲ. "ತಪ್ಪು ನಂದ ಐತ್ರಿ ಮೇಡಂ. ಉಡಿ ತುಂಬಿದ್ರ ಬರ್ತಾರ ಅನ್ನೂದಷ್ಟ ನೋಡಿದ್ನಿ. ಉಡಿ ತುಂಬಿದ್ರ ಏನಂತ ತಿಳಕೋತಾರ ಅನ್ನೂದು ನನಗ ಹೊಳೀಲೇ ಇಲ್ಲ. ಇನ್ನ ಮ್ಯಾಲ ಚೀಟಿ ಕೈಯಾಗ ಕೊಟ್ಟು, ಓದಿ ಹೇಳಿ, ಹೇಳಿದ್ದನ್ನ ಅವರ ಬಾಯಿಲೆ ಒಂದ ಸಲ ಹೇಳಿಸಿದ ಮ್ಯಾಲೇ ಉಡಿ ತುಂಬತೇನಿ. ಈಗ ಇವರನ್ನ ಕರಕೊಂಡು ನಾಳೆ ಬರ್ರಿ," ಎಂದರು. ಅಷ್ಟು ಚೊಕ್ಕವಾಗಿ ತಮ್ಮ ತಪ್ಪನ್ನು ಒಪ್ಪಿ, ತಿದ್ದಿ, ಮುಂದಿನ ಕೆಲಸಕ್ಕೆ ಹೋದವರನ್ನು ನಾನು ನೌಕರಿಯಲ್ಲಿ ಕಂಡಿಲ್ಲ. ನನ್ನಿಂದಂತೂ ಅದು ಆಗಿಲ್ಲ.

ಮರುದಿನ ಬಸ್ಸಿನಲ್ಲಿ ವೈನಿ ಕಿಟಕಿಯ ಕಡೆ ಕೂತಿದ್ದಳು. "ಎಲ್ಲೂ ನೋವಿಲ್ಲ, ಬ್ಯಾನಿಲ್ಲ. ಸುಮ್ಮನ ಓಡಾಡಸ್ತೀ," ಎಂದಳು.

ಅಲ್ಲಿ ನನ್ನ ಜೀವಮಾನದ ಅತಿ ಕಠಿಣ ಪಾಠ ಶುರುವಾಯಿತು. ಪ್ಯಾಪಿಲೋಮಾ ಎಂಬ ವೈರಸ್ಸಿನ ಜಾತಿ ಇದೆ, ಅದರಲ್ಲಿ ಕೆಲವು ಗರ್ಭಕೋಶದ ಬಾಯಿಯಲ್ಲಿ ಠಿಕಾಣಿ ಹೂಡುತ್ತವೆ, ಸಂಸಾರ ಮಾಡಿದ ಯಾರಿಗಾದರೂ ತಗುಲಬಹುದು, ಬಹಳ ಮಂದಿಗೆ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ, ಕೆಲವರಲ್ಲಿ ಉಳಿಯುತ್ತದೆ ಎಂದೆ. ಅದು ಕೋಶವನ್ನು ಕೊಲ್ಲುವುದಿಲ್ಲ, ಅದಕ್ಕೇ ನೋವಿಲ್ಲ ಎಂದೆ.

"ವೈನಿ, ನೀ ಹೊಲಿಗಿ ತಪ್ಪಿದ್ರ ಏನ ಮಾಡ್ತಿ?"

"ಬಿಚ್ಚತೇನಿ. ಇಲ್ಲಾಂದ್ರ ಬಾಜೂಕ ಇಡತೇನಿ."

"ಪ್ರತಿ ಕೋಶದಾಗೂ ನಿನ್ನಂಥಾಕಿ ಒಬ್ಬಾಕಿ ಇರ್ತಾಳ. ತಪ್ಪು ಕಂಡ್ರ ನಿಂದರಸ್ತಾಳ, ಸರಿ ಮಾಡಸ್ತಾಳ, ಆಗಲಿಲ್ಲಂದ್ರ ಆ ಕೋಶಕ್ಕ ಸಾಯಿ ಅಂತಾಳ."

ವೈರಸ್ಸಿಗೆ ಬೇಕಾದದ್ದು ಇಷ್ಟೆ: ಕೋಶ ಒಡೆಯುತ್ತ ಹೋಗಬೇಕು, ಒಂದು ಎರಡಾಗಬೇಕು. ಅದರ ಜೊತೆ ತಾನೂ ಬೆಳೆಯಬೇಕು. ಹಾಗಾಗಿ ಒಂದು ಪ್ರೋಟೀನಿನಿಂದ ಕೋಶದ ಬೆಳವಣಿಗೆಯ ಬ್ರೇಕು ಬಿಚ್ಚುತ್ತದೆ. ಬ್ರೇಕು ಬಿಚ್ಚಿದರೆ ಪಿ೫೩ ಎಚ್ಚರಾಗಿ ಸಾವಿನ ಅಪ್ಪಣೆ ಕೊಡುತ್ತದೆಂದು ಅದಕ್ಕೆ ಗೊತ್ತಿರುವ ಹಾಗೆ, ಇನ್ನೊಂದು ಪ್ರೋಟೀನಿನಿಂದ ಪಿ೫೩ರ ಮೈಗೆ ಕಸದ ಗುರುತು ಅಂಟಿಸುತ್ತದೆ. ಕಸವನ್ನು ಅರೆದು ಹಾಕುವ ಯಂತ್ರ ಕೋಶದ್ದೇ, ಗುರುತೂ ಕೋಶದ್ದೇ. ತನ್ನ ಕಾವಲಿನವಳನ್ನು ಕೋಶ ತಾನೇ ಅರೆದು ಹಾಕುತ್ತದೆ. ಎಂಟೊಂಬತ್ತು ಜೀನುಗಳ ಈ ಧೂಳಿನ ಕಣ ಇಷ್ಟನ್ನು ಹೇಗೆ ಕಲಿಯಿತು ಎಂದು ತರಗತಿಯಲ್ಲಿ ನಾನು ಮೂಗಿನ ಮೇಲೆ ಬೆರಳಿಡುತ್ತಿದ್ದೆ. ಅಂದು ಬಸ್ಸಿನಲ್ಲಿಯೂ ನನ್ನ ದನಿಯಲ್ಲಿ ಆ ಮೆಚ್ಚುಗೆ ಇಣುಕಿತೆಂದು ಕಾಣುತ್ತದೆ.

"ನಿನಗ ಅದರ ಮ್ಯಾಲ ಭಾಳ ಅಕ್ಕರತಿ ಅದ," ಎಂದಳು ವೈನಿ. ಆಮೇಲೆ, "ಅಂದ್ರ, ಸಾಯಬೇಕಾದದ್ದನ್ನ ಸಾಯಲಿಕ್ಕೆ ಬಿಡಂಗಿಲ್ಲ. ಅದೇ ರೋಗ. ಹೌದಿಲ್ಲೋ?" ಎಂದು ಕೇಳಿದಳು.

ಇಪ್ಪತ್ತೆರಡು ವರ್ಷದಿಂದ ಪ್ರತಿ ಸಲ ಒಂದು ಪಿರಿಯಡ್ಡು ತೆಗೆದುಕೊಂಡು ನಾನು ಹೇಳುತ್ತಿದ್ದುದನ್ನು ಅವಳು ಎರಡು ಮಾತಿನಲ್ಲಿ ಹೇಳಿದ್ದಳು. ಅವಳ ಕೈ ಹಿಡಿದುಕೊಂಡೆ. ತಣ್ಣಗಿತ್ತು.

ಮುದ್ದೇಬಿಹಾಳದಲ್ಲಿ ಡಾಕ್ಟರು ಭೂತಗನ್ನಡಿಯಂಥ ಯಂತ್ರದಿಂದ ನೋಡಿ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರಿಗೆ ದಾಟಿದೆಯೋ ಇಲ್ಲವೋ ಎಂಬುದು ಎರಡು ವಾರದ ಮೇಲೆ ತಿಳಿಯುತ್ತದೆ ಎಂದರು. ಆ ಎರಡು ವಾರ ನಾನು ಸಿಂದಗಿಯಲ್ಲಿ ಪಾಠ ಹೇಳಿದೆನೋ ಇಲ್ಲವೋ ನೆನಪಿಲ್ಲ. ಆ ಮೂರು ತಿಂಗಳಲ್ಲಿ ಊರಿಗೆ ಹೋದಾಗಲೆಲ್ಲ ಆ ಗಂಟು ನನ್ನ ಕಣ್ಣೆದುರಿಗೇ ಇತ್ತು, ನಾನೂ ಆ ದೇವರಿಗೆ ಕೈ ಮುಗಿದು ಬಂದಿದ್ದೆ ಎಂಬುದು ಮಾತ್ರ ತಿವಿಯುತ್ತಿತ್ತು. ವೈನಿ ದಿನಾ ಫೋನ್ ಮಾಡಿ ನಾನು ಉಂಡೆನೋ ಇಲ್ಲವೋ ಎಂದು ವಿಚಾರಿಸುತ್ತಿದ್ದಳು.

ವರದಿ ಬಂದ ದಿನ ನರ್ಸಬಾಯಾರು ಬಾಗಿಲಲ್ಲೇ ಕಾಯುತ್ತಿದ್ದರು. ನಮ್ಮನ್ನು ಕಂಡವರೇ ಕೈ ಎತ್ತಿ ಕೂಗಿದರು.

"ದಾಟಿಲ್ಲರಿ! ಇನ್ನೂ ಈ ಕಡೀಗೇ ಐತ್ರಿ! ಇವತ್ತ ಶಾಖ ಕೊಟ್ಟು ಸುಟ್ಟ ಬಿಡ್ತಾರ."

ಸುಡುವುದು ಎಂದು ಕೇಳಿ ನಾನು ವೈನಿಯ ತೋಳು ಹಿಡಿದೆ. ಚಹಾ ಕಾಸುವಷ್ಟು ಹೊತ್ತಿನಲ್ಲಿ ವೈನಿ ಹೊರಬಂದಳು, ನಡಿಗೆಯಲ್ಲಿ ತುಸು ಎಚ್ಚರ, ಅಷ್ಟೆ. ವರ್ಷದ ಮೇಲೆ ಮತ್ತೆ ಬಂದು ತೋರಿಸಬೇಕು ಎಂದು ನರ್ಸಬಾಯಾರು ಹೇಳಿದರು, ಅದನ್ನು ಅವಳ ಬಾಯಿಂದ ಹೇಳಿಸಿದರು. ನಾನು ಅವರ ಎರಡೂ ಕೈ ಹಿಡಿದುಕೊಂಡು ಅಂದು ಆಡಿದ ಮಾತಿಗೆ ಕ್ಷಮೆ ಕೇಳಲು ಹೊರಟೆ.

ವೈನಿ ಅಡ್ಡ ಬಂದಳು. "ಬಾಯಾರ, ಇಕೀದು ತಪಾಸಣಿ ಆಗ್ಯದೇನು ಕೇಳ್ರಿ. ನನಗ ಇಷ್ಟೆಲ್ಲಾ ಹೇಳಿದ್ಲು, ತನ್ನದಕ್ಕ ಮಾತ್ರ ಬಾಯಿ ಬಿಡಲಿಲ್ಲ."

ನರ್ಸಬಾಯಾರು ನನ್ನ ಕಡೆ ತಿರುಗಿದರು. ಕಾಲೇಜಿದೆ, ಪರೀಕ್ಷೆಗಳು ಹತ್ತಿರ ಬಂದಿವೆ, ಸಿಂದಗಿಯಲ್ಲೇ ಮಾಡಿಸಿಕೊಳ್ಳುತ್ತೇನೆ ಎಂದು ಮೂರು ನೆವಗಳು ಒಟ್ಟಿಗೆ ಬಾಯಿಗೆ ಬಂದವು. ಒಂದನ್ನಾದರೂ ಹೇಳುವ ಮೊದಲೇ ವೈನಿ ನನ್ನ ಹೆಗಲಿನ ಬ್ಯಾಗು ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಳು.

"ಹೋಗು. ನಾ ಇಲ್ಲೇ ಇರತೇನಿ," ಎಂದಳು.

ಪರದೆ ಸರಿಸಿ ಒಳಗೆ ಹೋದೆ.