ತೂಕದ ಚಿಕ್ಕಮುನಿಯಮ್ಮ

ಮರ್ಫಿ ಟೌನಿನ ದಿನಸಿ ಅಂಗಡಿಯ ಭೀಮೇಶನ ಕಣ್ಣಳತೆಯಲ್ಲಿ ಅಂಗನವಾಡಿಯ ಚಿಕ್ಕಮುನಿಯಮ್ಮ ನಲವತ್ತೈದು ಕಿಲೋ, ಅದರಲ್ಲಿ ಐದು ಕಿಲೋ ರಿಜಿಸ್ಟರು. ಮಕ್ಕಳ ತೂಕ ಬರೆದುಕೊಳ್ಳಲು ಆಕೆ ಮನೆಮನೆಗೆ ಬಂದಾಗ, ತೂಗಿದರೆ ಮಗುವಿಗೆ ದೃಷ್ಟಿಯಾಗುತ್ತದೆಂದು ತಾಯಂದಿರು ಬಾಗಿಲು ಹಾಕಿಕೊಂಡರೆ, ಆಕೆ ಹೊಸ್ತಿಲಲ್ಲಿ ಕೂತು ಪಕ್ಕದ ಬೀದಿಯ ಜಗಳದ ಸುದ್ದಿ ತೆಗೆಯುತ್ತಾಳೆ. ಕೇಳಲು ಬಾಗಿಲು ತೆರೆದವರ ಮಗು ಮರುಗಳಿಗೆಯಲ್ಲಿ ತಕ್ಕಡಿಯ ಜೋಲಿಯಲ್ಲಿರುತ್ತದೆ. ಆಮೇಲೆ ತಾನೇ ಉಪ್ಪು ನಿವಾಳಿಸಿ, "ತೂಕಾನೂ ಬರ್ಕೊಂಡೆ, ದೃಷ್ಟೀನೂ ತೆಗ್ದೆ, ಇನ್ನೇನಮ್ಮಾ?" ಎನ್ನುತ್ತಾಳೆ. ಭೀಮೇಶನೂ ಆಗ ಎರಡು ವರ್ಷದವಳಾಗಿದ್ದ ತನ್ನ ಮಗಳು ಮೋನಿಷಾಳನ್ನು ಬೇಳೆಮೂಟೆಗಳ ಹಿಂದೆ ಬಚ್ಚಿಡುತ್ತಿದ್ದ. ಒಂದು ದಿನ ಆಕೆ ಹುಡುಕಿ ತೂಗಿದಳು. "ಏಳೇ ಕಿಲೋ ಅಣ್ಣಾ, ಈ ವಯಸ್ಸಿಗೆ ಹತ್ತಾದ್ರೂ ಇರ್ಬೇಕು. ಊರಿಗೆಲ್ಲ ಬೇಳೆ ಮಾರ್ತೀರಿ, ಮಗೀಗೆ ಬಿಸ್ಕತ್ತು ಕೊಡ್ತೀರಿ." ಅಂದಿನಿಂದ ಆರು ತಿಂಗಳು ಆಕೆಯೇ ದಿನಾ ಬಂದು ಮೊಟ್ಟೆ, ಬೇಳೆಕಟ್ಟು ಉಣಿಸಿದಳು. ಮೋನಿಷಾ ಈಗ ಶಾಲೆಗೆ ಹೋಗುತ್ತಾಳೆ. ಮಗಳ ಜೀವ ಉಳಿಸಿದ್ದಕ್ಕೆ ಭೀಮೇಶ ಚಿಕ್ಕಮುನಿಯಮ್ಮನ ಋಣದಲ್ಲಿದ್ದಾನೆ.