ದಾಮಣ್ಣನ ಕುರ್ಲಿ ನಾಣ್ಯ

ದಾಮಣ್ಣ ಬಟ್ಟೆ ಒಣಗಿಸುವ ಯಂತ್ರಕ್ಕೆ ಕಿವಿಗೊಟ್ಟು ನಿಂತದ್ದನ್ನು ನೋಡಿದರೆ ಒಳಗೆ ಯಾರೋ ಅವನಿಗೆ ಗುಟ್ಟು ಹೇಳುತ್ತಿದ್ದಾರೆ ಅನ್ನಿಸಬೇಕು. ಮಸ್ಕತ್ತಿನ ಹೋಟೆಲೊಂದರ ಲಾಂಡ್ರಿ ಅದು. ಆನೆಮರಿ ಗಾತ್ರದ ಆರು ಯಂತ್ರಗಳು ಒಟ್ಟಿಗೇ ಗುಡುಗುಡು ಅನ್ನುವಾಗ ನಾನಾಡಿದ ಮಾತು ನನಗೇ ಕೇಳುತ್ತಿರಲಿಲ್ಲ. ಅವನಿಗೆ ಮಾತ್ರ ನಾಲ್ಕನೆಯ ಯಂತ್ರದ ಹೊಟ್ಟೆಯಲ್ಲಿ ಉರುಳುವ ಒಂದೇ ಒಂದು ನಾಣ್ಯ ಕೇಳುತ್ತಿತ್ತು.

"ಬಂತು ತಮಾ. ಸಣ್ಣದು. ತಾಮ್ರದ್ದಿರ್ಬೇಕು."

ಬಾಗಿಲು ತೆಗೆದರೆ, ಯಾವ ದೇಶದ ಪ್ರವಾಸಿಯ ಯಾವ ಜೇಬಿನ ಮೂಲೆಯಲ್ಲಿ ಅಡಗಿತ್ತೋ, ಸಣ್ಣದೊಂದು ತಾಮ್ರದ ಬಿಲ್ಲೆ ಬಿಸಿಬಿಸಿಯಾಗಿ ಅವನ ಅಂಗೈಗೆ ಬೀಳುತ್ತಿತ್ತು.

ಅವನು ಬೇಲೆಕೇರಿಯವನು, ನಾನು ಕಾರವಾರದ ಕದ್ವಾಡದವನು. ಊರಲ್ಲಿದ್ದಿದ್ದರೆ ಇಬ್ಬರ ನಡುವೆ ತಾಲೂಕಿನ ಗಡಿ ಇರುತ್ತಿತ್ತು. ಮಸ್ಕತ್ತಿನಲ್ಲಿ ಇಬ್ಬರೂ ಒಂದೇ ಮನೆಯವರಂತಾದೆವು. ಯಂತ್ರ ನಡೆಸುವುದು ಅವನ ಕೆಲಸ. ಬಟ್ಟೆಯಲ್ಲಿ ಸಿಕ್ಕಿದ್ದನ್ನು ರಿಜಿಸ್ಟರಿನಲ್ಲಿ ಬರೆದು ಲಕೋಟೆಗೆ ಹಾಕುವುದು ನನ್ನದು. ಮೂರು ತಿಂಗಳು ಯಾರೂ ಕೇಳದಿದ್ದರೆ ಸಿಕ್ಕಿದವನಿಗೇ ಕೊಡಬಹುದೆಂಬ ನಿಯಮವಿತ್ತು. ಒಂದು ಚಿಲ್ಲರೆ ಬಿಲ್ಲೆಗಾಗಿ ಯಾರು ಕಡಲಾಚೆಯಿಂದ ಫೋನು ಮಾಡುತ್ತಾರೆ? ಆದರೂ ನಾನು ತೊಂಬತ್ತನೆಯ ದಿನ ಕಳೆದ ಮೇಲೂ ಇನ್ನೊಂದು ವಾರ ಕಾಯುತ್ತಿದ್ದೆ.

"ನೀನು ಹೆದ್ರೂದು ನೋಡಿದ್ರೆ ಆ ದೇಶದ ರಾಜನೇ ಹುಡುಕ್ಕೊಂಡು ಬರ್ತಾನೆ ಕಾಣ್ತದೆ," ಎಂದು ದಾಮಣ್ಣ ನಗುತ್ತಿದ್ದ.

ಅವನ ಸಂಗ್ರಹಕ್ಕೆ ದೇಶಗಳ ಹಂಗಿರಲಿಲ್ಲ. ಬೋಳುಮಂಡೆಯವರು, ಕಿರೀಟದವರು, ಹಕ್ಕಿಗಳು, ಮರಗಳು, ತೂತಿನವು: ಇಷ್ಟೇ ವಿಂಗಡಣೆ. ಎಲ್ಲ ಒಂದು ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ. ಕೊಂಡು ತಂದದ್ದು ಅದರೊಳಗೆ ಬರಕೂಡದು, ಬೇಡಿ ಪಡೆದದ್ದೂ ಬರಕೂಡದು, ತಾನಾಗಿ ಬರಬೇಕು. ಒಂದೇ ನಮೂನೆಯ ಎರಡನೆಯದು ಸಿಕ್ಕಿದರೆ ಹೋಟೆಲಿನ ಕಾಣಿಕೆ ಪೆಟ್ಟಿಗೆಗೆ ಹಾಕಿಬಿಡುತ್ತಿದ್ದ. "ಬಲೆಗೆ ಮರಿ ಬಂದ್ರೆ ವಾಪಸ್ ನೀರಿಗೆ ಬಿಡ್ತೇವಲ್ಲ, ಹಂಗೆ." ಎಲ್ಲಕ್ಕಿಂತ ಅವನಿಗೆ ಪ್ರೀತಿ ಏಡಿಯ ಚಿತ್ರವಿದ್ದ ಒಂದು ನಾಣ್ಯ. ಏಡಿಗೆ ಅವನು ಊರಿನವರಂತೆ ಕುರ್ಲಿ ಎನ್ನುತ್ತಿದ್ದ. "ಬುದ್ಧಿವಂತ್ರು ನೋಡು ಈ ದೇಶದವ್ರು. ಮಂತ್ರಿ ಮಂಡೆ ಬಿಟ್ಟು ಕುರ್ಲಿ ಹಾಕಿದ್ದಾರೆ. ತಿಂದವ್ರಿಗೇ ಗೊತ್ತು."

ಅವನನ್ನು ನೋಡಿ ನಾನೂ ನಾಣ್ಯ ಕೂಡಿಡಲು ಹೊರಟೆ. ನನ್ನ ದಾರಿ ಬೇರೆ. ಒಂದೊಂದರ ಫೋಟೋ ತೆಗೆದು ಇದಕ್ಕೆ ಎಷ್ಟು ಸಿಗಬಹುದು ಎಂದು ಮೊಬೈಲಿನಲ್ಲಿ ತಡಕಾಡುವುದು. ತೊಳೆದ ನಾಣ್ಯಕ್ಕೆ ಸಂಗ್ರಾಹಕರು ಬೆಲೆ ಕೊಡುವುದಿಲ್ಲವೆಂದು ಓದಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮವು ಬಿಸಿನೀರು, ಸೋಪು, ಕಂಫರ್ಟು ಎಲ್ಲ ಕಂಡು ಮಲ್ಲಿಗೆ ಪರಿಮಳ ಬೀರುತ್ತಿದ್ದವು.

"ಹೋಗ್ಲಿ ಬಿಡಾ," ಎಂದ ದಾಮಣ್ಣ. "ಮಾರೂಕೆ ಯಾರು ಕೂತಿದ್ರು?"

ಅವನಿಗಿದ್ದ ಆಸೆ ಒಂದೇ, ಬೇಲೆಕೇರಿಯಲ್ಲಿ ಸ್ವಂತದ್ದೊಂದು ಮನೆ. ಹದಿನಾಲ್ಕು ವರ್ಷ ಯಂತ್ರಗಳ ಮುಂದೆ ಬೆವರಿದ್ದೇ ಅದಕ್ಕೆ. ಕೊನೆಗೆ ಜಾಗವಾಯಿತು, ನಕ್ಷೆಯಾಯಿತು. ಆದರೆ ಮಳೆಗೆ ಮುಂಚೆ ಮೇಸ್ತ್ರಿ ಸಿಗುವುದು ಒಂದೇ ವಾರ, ಭಟ್ಟರು ಕೊಟ್ಟ ಮುಹೂರ್ತ ಒಂದೇ ದಿನ. ಹೋಟೆಲು ತುಂಬಿ ತುಳುಕುತ್ತಿದ್ದದ್ದೂ ಆಗಲೇ. ಅವನಿಗೆ ರಜೆ ಸಿಗಲಿಲ್ಲ, ನನ್ನ ರಜೆ ಮೊದಲೇ ಮಂಜೂರಾಗಿತ್ತು. ಅದನ್ನು ದಾಮಣ್ಣನಿಗೆ ಕೊಡಿ ಎಂದು ಮ್ಯಾನೇಜರನ್ನು ಕೇಳಿದೆ. "ನೀನಿಲ್ಲದಿದ್ದರೆ ನಡೆಯುತ್ತದೆ, ಅವನಿಲ್ಲದಿದ್ದರೆ ನಡೆಯುವುದಿಲ್ಲ," ಎಂದು ಆತ ನನ್ನ ಯೋಗ್ಯತೆಯನ್ನು ಒಂದೇ ವಾಕ್ಯದಲ್ಲಿ ಮುಗಿಸಿದ.

ಎರಡು ದಿನ ದಾಮಣ್ಣ ಯಂತ್ರಕ್ಕೆ ಕಿವಿಗೊಡಲಿಲ್ಲ. ಮೂರನೆಯ ದಿನ ಹೇಳಿದ: "ಅಡಿಗಲ್ಲಿಗೆ ಯಜಮಾನ ಕೈ ಮುಟ್ಟಿಸ್ಬೇಕು ತಮಾ. ನಾನು ಕೈ ಮುಟ್ಟಿಸ್ದೇ ಎದ್ದ ಮನೆ ನಂದು ಹೆಂಗಾಗ್ತದೆ? ನಾಳೆ ಒಳಗೆ ಹೋದ್ರೆ ನೆಂಟ ಹೋದಂಗೆ."

ನಾನು ಊರಿಗೆ ಹೊರಡುವಾಗ ಡಬ್ಬಿಯನ್ನು ನನ್ನ ಕೈಗಿಟ್ಟ. "ಮಗಳು ನೋಡ್ಬೇಕು ಅಂತಿದ್ದಾಳೆ. ಕುರ್ಲಿದು ಮೇಲೇ ಇಟ್ಟಿದ್ದೆ. ಜೋಪಾನ."

ಜೋಪಾನ ಎಂಬ ಮಾತನ್ನು ನನ್ನಂಥವನಿಗೆ ಹೇಳಬಾರದು. ವಿಮಾನದಲ್ಲಿ ಡಬ್ಬಿಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಮುಹೂರ್ತದ ದಿನವೂ ಬಾಳೆಗುಳಿಯಲ್ಲಿ ಬಸ್ಸಿಳಿದು ರಿಕ್ಷಾ ಹಿಡಿದು ಬೇಲೆಕೇರಿ ಮುಟ್ಟುವವರೆಗೆ ಮುಚ್ಚಳವನ್ನು ಇಪ್ಪತ್ತು ಸಲವಾದರೂ ಒತ್ತಿ ನೋಡಿದ್ದೇನೆ.

ಅಗೆದ ಗುಂಡಿಯ ಸುತ್ತ ಜನ ಸೇರಿದ್ದರು. ದಾಮಣ್ಣನ ಹೆಂಡತಿ ಶಾಂತತ್ತಿಗೆ ತಟ್ಟೆ ಹಿಡಿದು ನಿಂತಿದ್ದಳು. ನವಧಾನ್ಯವಾಯಿತು, ಪಂಚಲೋಹವಾಯಿತು. ಭಟ್ಟರು ಕೈ ಚಾಚಿದರು. "ಐದು ನಾಣ್ಯ ತನ್ನಿ."

ಎಲ್ಲರೂ ಜೇಬು ತಟ್ಟಿಕೊಂಡರು. ಎಲ್ಲರ ಜೇಬಿನಿಂದಲೂ ಮೊಬೈಲೇ ಹೊರಬಂತು. ಮೂಲೆಯ ಅಂಗಡಿಯವನು ಚಿಲ್ಲರೆ ಕೊಡದೆ ವರ್ಷವಾಗಿತ್ತಂತೆ. ಅವನಲ್ಲಿದ್ದದ್ದು ಸ್ಕ್ಯಾನ್ ಮಾಡುವ ಫಲಕ ಮತ್ತು ಚಾಕಲೇಟು. ಹುಡುಕಿ ಹುಡುಕಿ ಒಬ್ಬಳು ಅಜ್ಜಿಯ ಎಲೆಅಡಿಕೆ ಚೀಲದಲ್ಲಿ ಒಂದು ರೂಪಾಯಿ ಸಿಕ್ಕಿತು.

"ಇನ್ನು ನಾಲ್ಕು! ಹತ್ತು ನಿಮಿಷದಲ್ಲಿ ರಾಹುಕಾಲ," ಭಟ್ಟರು ಗಡಿಯಾರ ನೋಡಿದರು.

ಶಾಂತತ್ತಿಗೆಯ ಕಣ್ಣು ನನ್ನ ಡಬ್ಬಿಯ ಮೇಲೆ ಬಿತ್ತು. "ಅದ್ರಲ್ಲಿರೂದು ನಾಣ್ಯ ಅಲ್ದನಾ ತಮಾ?"

"ಅದು ಫಾರಿನ್ ಅತ್ತಿಗೆ. ದಾಮಣ್ಣನ್ನ ಕೇಳದೆ..."

"ಲೋಹ ಲೋಹವೇ. ಭೂಮಿತಾಯಿ ಪಾಸ್‌ಪೋರ್ಟ್ ಕೇಳ್ತಾಳ್ಯಾ?" ಎಂದರು ಭಟ್ಟರು.

ಫೋನು ಮಾಡಿದೆ. ಯಂತ್ರದ ಬಳಿ ಮೊಬೈಲು ಒಯ್ಯುವಂತಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದು ರಿಂಗಾಗಿ ರಿಂಗಾಗಿ ನಿಂತಿತು. ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಮೇಲಿದ್ದ ನಾಲ್ಕನ್ನು ಭಟ್ಟರ ಕೈಗೆ ಹಾಕಿದೆ. ಕಣ್ಣು ಬಿಡುವಷ್ಟರಲ್ಲಿ ಮೇಸ್ತ್ರಿ ಕಲ್ಲು ಕೂರಿಸಿ ಸಿಮೆಂಟು ಸುರಿದಾಗಿತ್ತು. ಡಬ್ಬಿಯೊಳಗೆ ಏನೇನು ಇಲ್ಲವೆಂದು ನೋಡಿದೆ. ಕುರ್ಲಿ ಇರಲಿಲ್ಲ.

ಸಂಜೆ ದಾಮಣ್ಣನೇ ಫೋನು ಮಾಡಿದ. ಅಷ್ಟರಲ್ಲಿ ನಾನು ಕ್ಷಮೆ ಕೇಳುವ ಮೂರು ಬಗೆ ತಯಾರು ಮಾಡಿಕೊಂಡಿದ್ದೆ. ಮೂರೂ ಒಟ್ಟಿಗೆ ಬಾಯಿಗೆ ಬಂದವು.

"ಯಾವ್ಯಾವ್ದು ಹೋಯ್ತು?"

"ತೂತಿಂದು. ವೀಣೆ ಚಿತ್ರದ್ದು. ಒಂದು ಹಕ್ಕಿ." ಕೊನೆಗೆ ಹೇಳಿದೆ: "ಕುರ್ಲಿ."

"ಯಾವ ಮೂಲೆಗೆ?"

"ಈಶಾನ್ಯಕ್ಕೆ."

"ಕುರ್ಲಿ ಮೇಲ್ಮುಖ ಆಗಿತ್ತಾ, ಕೆಳಮುಖವಾ?"

ನಾನು ನೋಡಿರಲಿಲ್ಲ. "ಮೇಲ್ಮುಖ," ಎಂದೆ.

"ಅದನ್ನ ದಿನಾ ಕೈಲಿ ಹಿಡಿದು ತಿಕ್ತಿದ್ದೆ ತಮಾ. ಬೆರಳಿನ ಗೆರೆ ಸುದ್ದಾ ಅದಕ್ಕೆ ಕೂತಿರ್ಬೇಕು." ಆಮೇಲೆ ಅಂದ: "ಹಂಗಾದ್ರೆ ಕೈ ಮುಟ್ಟಿಸ್ದಂಗೇ ಆಯ್ತಲ್ಲ ಮಾರಾಯ. ಭಟ್ರಿಗೆ ದಕ್ಷಿಣೆ ಸಮಾ ಕೊಟ್ರಾ?"

ಮರುವರ್ಷ ನಾನು ಕೆಲಸ ಬಿಟ್ಟು ಕಾರವಾರಕ್ಕೆ ಬಂದುಬಿಟ್ಟೆ. ದಾಮಣ್ಣ ರಜೆಯಲ್ಲಿ ಬಂದದ್ದು ಮನೆ ಪೂರ್ತಿಯಾದ ಮೇಲೆ. ನೋಡಲು ಹೋದಾಗ ಅವನು ಫ್ಯಾನು ಹಾಕಲು ಹೋಗಿ ಅಂಗಳದ ದೀಪ ಹಚ್ಚಿದ. ಬಚ್ಚಲೆಂದು ದಾಸ್ತಾನು ಕೋಣೆಯ ಬಾಗಿಲು ತೆಗೆದ. "ಯಾರ ಮನೆಗೆ ಬಂದ್ರಾ?" ಎಂದು ಶಾಂತತ್ತಿಗೆ ನಕ್ಕು ನಕ್ಕು ಸುಸ್ತಾದಳು. ಊಟವಾದ ಮೇಲೆ ಮಾತ್ರ ಅವನು ಯಾರನ್ನೂ ಕೇಳಲಿಲ್ಲ. ಚಾಪೆ ಎತ್ತಿಕೊಂಡು ನೆಟ್ಟಗೆ ಹಜಾರದ ಈಶಾನ್ಯ ಮೂಲೆಗೆ ಹೋಗಿ, ಹಾಸಿ, ಮಲಗಿ, ಎರಡು ನಿಮಿಷದಲ್ಲಿ ಗೊರಕೆ ಹೊಡೆದ. ರಜೆಯ ಇಪ್ಪತ್ತೆಂಟು ದಿನವೂ ಮಧ್ಯಾಹ್ನ ಅಲ್ಲೇ ಮಲಗಿದನಂತೆ.

ಅವನು ಮಸ್ಕತ್ತಿಗೆ ಮರಳಿ ನಾಲ್ಕು ತಿಂಗಳಾಯಿತು. ಮೊನ್ನೆ ಆ ಕಡೆ ಹೋದವನು ಶಾಂತತ್ತಿಗೆಯ ಮನೆಗೆ ಹೊಕ್ಕೆ. ಹೊಸ ಫ್ರಿಜ್ಜು ಬಂದಿದೆ. ದಾಮಣ್ಣ ಮಲಗುತ್ತಿದ್ದ ಮೂಲೆಗೆ ಅದು ಅಳತೆ ತೆಗೆದಂತೆ ಹೊಂದುತ್ತಿತ್ತು. ಅಲ್ಲಿಡಲು ಅವಳು ಒಪ್ಪಿಲ್ಲ. ಅದೀಗ ಅಡುಗೆಮನೆಯ ಬಾಗಿಲಿಗೆ ಅರ್ಧ ಅಡ್ಡವಾಗಿ ನಿಂತಿದೆ. ಒಳಗೆ ಹೋಗುವವರೆಲ್ಲ ಹೊಟ್ಟೆ ಎಳೆದುಕೊಂಡು ಓರೆಯಾಗಿ ನುಸುಳಬೇಕು. ನಾನೂ ಹಾಗೇ ನುಸುಳಿ ಚಹಾ ಕುಡಿದು ಬಂದೆ.