ನಾಯಿಯ ಬಾಯಿಗೆ ಕೈ ಹಾಕುತ್ತಿದ್ದ ಅಕ್ಕೋರು

ಅವರ ಬಲಗೈ ಹೆಬ್ಬೆರಳು ಸದಾ ಹಳದಿ. ನಾಯಿಗಳ ಗಾಯಕ್ಕೆ ಹಚ್ಚುವ ಅರಿಶಿನ ಉಗುರಿನ ಸಂದಿಯಲ್ಲಿ ಕೂತು ಕೂತು, ಆ ಬಣ್ಣ ಯಾವ ಸಾಬೂನಿಗೂ ಜಗ್ಗುತ್ತಿರಲಿಲ್ಲ. ನಮ್ಮ ಓಣಿಯ ಒಂದೊಂದು ನಾಯಿಯ ಬಾಯಿಗೂ ಆ ಹೆಬ್ಬೆರಳು ಹೋಗಿಬಂದಿದೆ. ತುಟಿ ಎತ್ತುವುದು, ವಸಡು ಒತ್ತಿ ಬಿಡುವುದು, ಬಿಳಿಚಿದ ಜಾಗಕ್ಕೆ ಕೆಂಪು ತಿರುಗಿ ಬಂದರೆ ‘ರಕ್ತ ಛಲೋ ಅದ’ ಎನ್ನುವುದು, ಕೈಯನ್ನು ಸೆರಗಿಗೆ ಒರೆಸಿಕೊಂಡು ನಮ್ಮ ಮನೆಯ ಚಹಾದ ಕಪ್ಪು ಹಿಡಿಯುವುದು. ಮೊದಲು ಕೈ ತೊಳೆಯಿರಿ ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಅವರು ಎದುರುಮನೆಯ ಅಕ್ಕೋರು. ಭಾಲ್ಕಿ ತಾಲ್ಲೂಕಿನ ಮೆಹಕರದ ಕಡೆ ವರ್ಷಾನುಗಟ್ಟಲೆ ಮಕ್ಕಳಿಗೆ ಕಲಿಸಿ, ನಿವೃತ್ತಿಯಾದ ಮೇಲೆ ಗಂಡ ಮತ್ತು ಎರಡು ನಾಯಿಗಳೊಂದಿಗೆ ಬೀದರಕ್ಕೆ ಬಂದು ನೆಲೆಸಿದ್ದರು. ಗಂಡ ಪಾಪದ ಮನುಷ್ಯ. ಮಾತಿನ ಸರದಿ ಅವರವರೆಗೆ ಬರುತ್ತಲೇ ಇರಲಿಲ್ಲ. ಶಾಲೆ ಬಿಟ್ಟರೂ ಅಕ್ಕೋರ ಪಾಲಿಗೆ ನಾವೆಲ್ಲ ಎರಡನೇ ಇಯತ್ತೆಯ ಹುಡುಗರೇ. ನಾನು ಕಾಲೇಜಿನ ಕಚೇರಿಯಲ್ಲಿ ಹತ್ತು ಜನರ ಮೇಲೆ ಅಧಿಕಾರ ನಡೆಸುವವನು. ಅವರೆದುರು ಮಾತ್ರ ಉತ್ತರ ಬಾರದ ಹುಡುಗನಂತೆ ನಿಲ್ಲುತ್ತಿದ್ದೆ.

ಬೆಳಗ್ಗೆ ಏಳಕ್ಕೆ ನಾಯಿ ಸಾಕಿದವರೆಲ್ಲ ಮೈದಾನದಲ್ಲಿ ಸೇರುತ್ತಿದ್ದೆವು. ಒಬ್ಬೊಬ್ಬರದು ಒಂದೊಂದು ಔಷಧ. ಕಜ್ಜಿಗೆ ಸುಟ್ಟ ಇಂಜಿನ್ ಎಣ್ಣೆ ಹಚ್ಚಿರಿ ಎಂದು ಒಬ್ಬರು, ಕಾಲು ಕುಂಟಿದರೆ ನಮ್ಮದೇ ಮೊಣಕಾಲು ನೋವಿನ ಗುಳಿಗೆ ಅರ್ಧ ಕೊಡಿರಿ ಎಂದು ಇನ್ನೊಬ್ಬರು. ಅಕ್ಕೋರು ಕೆಂಡವಾಗುತ್ತಿದ್ದರು. ‘ಅಗ ಬಾಯೀ! ನಾಯಿ ಏನ್ ಟ್ರಾಕ್ಟರ್ ಅದ ಏನ್ರಿ, ಎಣ್ಣಿ ಹಾಕ್ಲಿಕ್ಕಿ? ಆ ಗುಳಗಿ ನುಂಗಿದ್ರ ಅದರ ಹೊಟ್ಟಿ ಹರಿದು ರಕ್ತ ಬರ್ತದ.’ ಅವರ ಮದ್ದು ಬೇರೆ. ಭೇದಿಯಾದರೆ ಒಂದು ಹೊತ್ತು ಉಪವಾಸ, ಆಮೇಲೆ ಮೆತ್ತಗಿನ ಮೊಸರನ್ನ. ಮಲ ಗಟ್ಟಿಯಾದರೆ ಬೇಯಿಸಿದ ಕುಂಬಳಕಾಯಿ. ಮೈಗೆ ಕಚ್ಚಿಕೊಂಡ ಉಣ್ಣಿಯನ್ನು ಚಿಮಟದಿಂದ ಕಿತ್ತು ಉಪ್ಪುನೀರಿಗೆ ಹಾಕುವುದು. ಎಲ್ಲದಕ್ಕೂ ಒಂದೇ ಕರಾರು: ‘ಒಂದಿನ ಮನಿ, ಎರಡನೇ ದಿನ ದವಾಖಾನಿ.’

ಇಷ್ಟಕ್ಕೇ ನಿಂತಿದ್ದರೆ ನನ್ನ ತಕರಾರು ಇರಲಿಲ್ಲ. ಫೋನಿನಲ್ಲಿ ಒಂದು ಗ್ರೂಪು ಮಾಡಿ, ನಾಯಿಯ ಮಲದ ಫೋಟೋ ಹಾಕಿರಿ ಎಂದು ಎಲ್ಲರಿಗೂ ಆಜ್ಞೆ ಮಾಡಿದ್ದರು. ನಾಷ್ಟಾಕ್ಕೆ ಕುಳಿತು ಉಪ್ಪಿಟ್ಟು ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಯಾರದೋ ನಾಯಿಯ ಫೋಟೋ ಬರುತ್ತಿತ್ತು. ಸಿಟ್ಟು ಬಾರದೆ ಇನ್ನೇನು ಬರಬೇಕು? ಗ್ರೂಪಿನಿಂದ ಎರಡು ಸಲ ಹೊರಬಿದ್ದೆ. ಎರಡೂ ಸಲ ತಿರುಗಿ ಸೇರಿಸಿದರು.

ನಮ್ಮ ಮರಿ ಮೋತ್ಯಾ. ನನ್ನ ಹೆಂಡತಿಯ ತವರು ಔರಾದ ತಾಲ್ಲೂಕಿನ ಚಿಂತಾಕಿ. ಎಂಟು ವರ್ಷದ ಮಗಳು ಹಟ ಹಿಡಿದಳೆಂದು ಅಲ್ಲಿನ ಹೊಲದಿಂದ ತಂದದ್ದು. ಬಂದ ದಿನದಿಂದ ಅಕ್ಕೋರದು ಒಂದೇ ರಾಗ. ‘ಮರಿಗಿ ಮೂರು ತಿಂಗಳಾತು, ಹುಚ್ಚುನಾಯಿ ಸೂಜಿ ಹಾಕ್ಸಿರೇನ್ರಿ?’ ನಾನು, ‘ಬರೋ ಐತಾರ ಹಾಕಸ್ತೇನಿ ಬಿಡ್ರಿ.’ ನಾಲ್ಕು ಭಾನುವಾರ ಹಾಗೆಯೇ ಹೋದವು. ಕೇಳಿ ಕೇಳಿ ಅವರಿಗೆ ದಣಿವಾಗಲಿಲ್ಲ; ಕೇಳಿಸಿಕೊಂಡು ನನಗೆ ತಲೆ ಚಿಟ್ಟು ಹಿಡಿದಿತ್ತು. ಬೇಕೆಂದೇ ತಡ ಮಾಡಿದೆ ಎಂದರೂ ಸುಳ್ಳಲ್ಲ.

ಒಂದು ಬೆಳಗ್ಗೆ ಮೋತ್ಯಾ ಅನ್ನ ಮುಟ್ಟಲಿಲ್ಲ. ಕೆಳದವಡೆ ಜೋತುಬಿದ್ದಿತ್ತು, ಜೊಲ್ಲು ಸುರಿಯುತ್ತಿತ್ತು. ಹಿಂದಿನ ದಿನವೂ ಸ್ವಲ್ಪ ಮಂಕಾಗಿತ್ತು. ಅಕ್ಕೋರು ಎಂದಿನಂತೆ ವಸಡು ನೋಡಿ ಹೋಗಿದ್ದರು. ಗಂಟಲಲ್ಲಿ ಎಲುಬು ಸಿಕ್ಕಿಕೊಂಡಿದೆ ಎಂದು ನಾವು ತಿಳಿದೆವು. ನಾನು ಬ್ಯಾಟರಿ ತರಲು ಒಳಗೆ ಹೋದೆ. ಅಷ್ಟರಲ್ಲಿ ಮಗಳು, ದಿನವೂ ನೋಡಿ ಕಲಿತ ಹಾಗೆ, ಮರಿಯ ತುಟಿ ಎತ್ತಿ ಹೆಬ್ಬೆರಳು ಒಳಗೆ ಹಾಕಿದ್ದಾಳೆ. ಹಲ್ಲು ತರಚಿ ಒಂದು ಗೆರೆಯಷ್ಟು ರಕ್ತ. ಕೂಸು ಅಳಲೂ ಇಲ್ಲ.

ಎಲುಬಿಗೆ ಏನು ಮದ್ದು ಎಂದು ಕೇಳಲು ಅಕ್ಕೋರನ್ನು ಕೂಗಿದೆ. ಗೇಟಿನವರೆಗೆ ಬಂದವರು ಮೋತ್ಯಾನ ದವಡೆ ನೋಡಿದ್ದೇ ತಡ, ಅಲ್ಲೇ ನಿಂತುಬಿಟ್ಟರು. ನಾಯಿ ಕಂಡು ಅವರು ಕೈ ಹಿಂದೆಳೆದುಕೊಂಡದ್ದನ್ನು ಅವತ್ತೇ ನೋಡಿದ್ದು.

‘ಯಾರರ ಬಾಯಾಗ ಕೈ ಹಾಕೀರೇನ್ರಿ?’

ಮಗಳು ಹೆಬ್ಬೆರಳು ತೋರಿಸಿದಳು. ನಮ್ಮವ್ವ ಅಷ್ಟರಲ್ಲೇ ಖಾರಪುಡಿ, ಎಣ್ಣೆ ಕಲೆಸಿಕೊಂಡು ತಂದಿದ್ದಳು. ನಾಯಿಯ ಹಲ್ಲು ತಾಗಿದರೆ ನಮ್ಮಲ್ಲಿ ಹಚ್ಚುವುದು ಅದನ್ನೇ. ಅಕ್ಕೋರು ಆ ಬಟ್ಟಲನ್ನು ಕಿತ್ತು ಅಂಗಳಕ್ಕೆ ಎಸೆದರು. ‘ಖಾರ ಬ್ಯಾಡ, ಅರಿಶಿಣ ಬ್ಯಾಡ, ಏನೂ ಹಚ್ಚಬ್ಯಾಡ್ರಿ! ಸಾಬಣ ತರ್ರಿ, ನಳಾ ಬಿಡ್ರಿ!’ ಗಡಿಯಾರ ನೋಡುತ್ತ ಹದಿನೈದು ನಿಮಿಷ ಆ ಪುಟ್ಟ ಕೈಯನ್ನು ನೀರಿನ ಕೆಳಗೆ ಹಿಡಿದರು. ನಮ್ಮಲ್ಲಿ ನಳ ಬರುವುದು ನಾಲ್ಕು ದಿನಕ್ಕೊಮ್ಮೆ. ಸುಳ್ಳೇಕೆ ಹೇಳಲಿ, ಟಾಕಿ ಖಾಲಿಯಾಗುತ್ತದಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು.

ಮೋತ್ಯಾನನ್ನು ಹಿತ್ತಿಲ ಕೋಣೆಗೆ ಹಾಕಿ ಬಾಗಿಲೆಳೆದು, ಆಟೋದಲ್ಲಿ ದವಾಖಾನೆಗೆ ಹೋದೆವು. ಸೂಜಿ ಕಂಡು ಮಗಳು ಚೀರಿದಳು. ಅಕ್ಕೋರು, ‘ನಿನ್ನಿ ನಾನೂ ಕೈ ಹಾಕೀನಿ. ಮೊದಲ ನಂದು ನೋಡು’ ಎಂದು ತೋಳು ಮುಂದೆ ಮಾಡಿದರು. ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಚುಚ್ಚಿಸಿಕೊಂಡರು. ಒಟ್ಟು ನಾಲ್ಕು ಸಲ ಬರಬೇಕೆಂದು ಚೀಟಿಯಲ್ಲಿ ತಾರೀಖು ಬರೆದುಕೊಟ್ಟರು.

ಮೋತ್ಯಾ ಮೂರನೇ ದಿನ ಸತ್ತ. ದನದ ಡಾಕ್ಟರು ಬಂದು, ಹುಚ್ಚೇ ಇರಬೇಕು, ಖಚಿತ ಹೇಳಲು ಪರೀಕ್ಷೆಗೆ ಕಳಿಸಬೇಕು ಎಂದರು. ನಾವು ಕಳಿಸಲಿಲ್ಲ, ಆಳವಾಗಿ ಹೂಳಿಸಿಬಿಟ್ಟೆವು. ಹಾಗಾಗಿ ನನ್ನ ಅನುಮಾನ ಜೀವಂತ ಉಳಿಯಿತು. ಎಲುಬು ಸಿಕ್ಕೇ ಸತ್ತಿರಬಹುದಲ್ಲ?

ಚಿಂತಾಕಿಯಿಂದ ಅತ್ತೆಯ ಫೋನು ಶುರುವಾಯಿತು. ಅವರ ಹೊಲದಲ್ಲಿ ಉಳಿದಿದ್ದ ಅದೇ ಸೂಲಿನ ಇನ್ನೊಂದು ಮರಿಯೂ ಎಮ್ಮೆಯನ್ನು ಕಚ್ಚಿ ಓಡಿಹೋಗಿತ್ತಂತೆ. ಆ ಕಡೆ ಒಬ್ಬ ಅಜ್ಜ ಅಮಾವಾಸ್ಯೆ ದಿನ ಬೆಲ್ಲದಲ್ಲಿ ಸೊಪ್ಪು ಅರೆದು ಕೊಡುತ್ತಾನೆ, ಎಮ್ಮೆಗೂ ಕೊಡಿಸುತ್ತೇವೆ, ಕೂಸಿಗೂ ಕೊಡಿಸೋಣ. ಆದರೆ ಆ ಮದ್ದು ತಿಂದವರು ಸೂಜಿ ಚುಚ್ಚಿಸಿಕೊಳ್ಳಬಾರದು ಎಂದರು. ಎರಡನೇ ಸೂಜಿಗೆ ಮಗಳಿಗೆ ಜ್ವರ ಬಂದಿತ್ತು. ಹೆಂಡತಿ ಅಳುತ್ತಿದ್ದಳು. ಮೂರನೇ ಸೂಜಿಯ ತಾರೀಖೂ ಅಮಾವಾಸ್ಯೆಯೂ ಒಂದೇ ದಿನ. ಚಿಂತಾಕಿಗೇ ಹೋಗುವುದೆಂದು ನಾನು ತೀರ್ಮಾನಿಸಿದೆ.

ಅಂದು ಬೆಳಗ್ಗೆ ಬಾಗಿಲು ತೆಗೆದರೆ ಹೊಸ್ತಿಲಿಗೆ ಅಡ್ಡ ಕುಳಿತಿದ್ದಾರೆ ಅಕ್ಕೋರು. ನಮ್ಮವ್ವ ಸುದ್ದಿ ಮುಟ್ಟಿಸಿದ್ದಳು.

‘ಏಳ್ರಿ ಅಕ್ಕೋರ, ಬಸ್ಸಿಗಿ ಹೊತ್ತಾಗ್ಲತ್ತದ.’

‘ನನ್ನ ದಾಟಿ ಹೋಗ್ರಿ.’

ವರ್ಷದಿಂದ ತುಂಬಿಟ್ಟುಕೊಂಡ ಸಿಟ್ಟೆಲ್ಲ ಒಮ್ಮೆಲೇ ಹೊರಬಿತ್ತು. ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. ‘ಊರ ಮಂದಿಗೆಲ್ಲ ಮನಿ ಮದ್ದು ಹೇಳವ್ರು ನೀವು! ನಿಮ್ಮದಷ್ಟ ಮದ್ದು, ಚಿಂತಾಕಿ ಕಡಿಂದು ಮದ್ದಲ್ಲೇನು? ನನ್ನ ಮಗಳು, ನನ್ನ ಮರ್ಜಿ!’

ಅವರು ಕೂಗಲಿಲ್ಲ. ‘ನನ್ನ ಮದ್ದು ತಪ್ಪಿದ್ರ ನಾಯಿಗಿ ಇನ್ನೊಂದಿನ ಭೇದಿ ಆಗ್ತದ, ಅಷ್ಟ. ಇದು ತಪ್ಪಿದ್ರ ಸುಧಾರಿಸ್ಲಿಕ್ಕಿ ಎರಡನೇ ದಿನ ಇರಂಗಿಲ್ರಿ. ಹುಚ್ಚು ಒಮ್ಮಿ ಹತ್ತಿದ್ರ ಯಾ ಡಾಕ್ಟರ್ ಕೈಲೂ ಆಗಂಗಿಲ್ಲ.’ ಆಮೇಲೆ ದನಿ ಒಡೆಯಿತು. ‘ನನ್ನ ನೋಡೇ ರೀ ಆಕಿ ನಾಯಿ ಬಾಯಾಗ ಕೈ ಹಾಕಿದ್ದು. ನಾನಽ ಕಲಿಸೀನಿ. ಆಕಿಗಿ ಏನರ ಆದ್ರ ನಾ ಹ್ಯಾಂಗ ಬದುಕ್ಲಿ?’

ಅಕ್ಕೋರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮಗಳು ನನ್ನ ಕೈ ಬಿಡಿಸಿಕೊಂಡು ಹೋಗಿ ಅವರ ಪಕ್ಕ ಕುಳಿತಳು. ಇನ್ನೇನು ಮಾಡಲಿ, ಹಲ್ಲು ಕಡಿಯುತ್ತ ದವಾಖಾನೆಗೆ ಆಟೋ ಕರೆದೆ. ದಾರಿಯುದ್ದಕ್ಕೂ ಅವರೊಂದಿಗೆ ಮಾತಾಡಲಿಲ್ಲ. ಮುಂದೆ ಎರಡು ವಾರವೂ ಆಡಲಿಲ್ಲ.

ನಾಲ್ಕನೇ ಸೂಜಿಗೆ ಮೂರು ದಿನ ಬಾಕಿ ಇರುವಾಗ ಚಿಂತಾಕಿಯಿಂದ ಮತ್ತೆ ಫೋನು ಬಂತು. ಎಮ್ಮೆ ನೀರು ಕುಡಿಯಲಾರದೆ, ಒದರಿ ಒದರಿ, ಗೋಡೆಗೆ ತಲೆ ಜಜ್ಜಿಕೊಂಡು ಸತ್ತಿತ್ತು. ಅಜ್ಜನ ಬೆಲ್ಲ ಅದು ಪೂರ್ತಿ ತಿಂದಿತ್ತು.

ಫೋನಿಟ್ಟವನೇ ರಸ್ತೆ ದಾಟಿ ಅಕ್ಕೋರ ಮುಂದೆ ನಿಂತು ಎಮ್ಮೆಯ ಸುದ್ದಿ ಹೇಳಿದೆ. ತಪ್ಪಾಯಿತು ಎನ್ನಬೇಕೆಂದುಕೊಂಡಿದ್ದೆ, ಬಾಯಿ ಬರಲಿಲ್ಲ. ಅವರು, ‘ಗುರುವಾರ ನಾಲ್ಕನೇದ್ದು ಅದ. ಒಂಬತ್ತಕ್ಕ ತಯಾರಿರ್ರಿ’ ಎಂದರು. ನಾವು ಎಂಟೂವರೆಗೇ ತಯಾರಾಗಿ ನಿಂತಿದ್ದೆವು.

ಆಮೇಲೂ ಅವರೇನೂ ಬದಲಾಗಲಿಲ್ಲ. ಗ್ರೂಪಿನಲ್ಲಿ ಅದೇ ಫೋಟೋಗಳು, ಮೈದಾನದಲ್ಲಿ ಅದೇ ಜಗಳ. ಮಕ್ಕಳೆದುರು ನಾಯಿಯ ಬಾಯಿಗೆ ಕೈ ಹಾಕುವುದನ್ನು ಮಾತ್ರ ಬಿಟ್ಟರು. ಹೋದ ವರ್ಷ ಚಳಿಗಾಲದಲ್ಲಿ, ಮೆಹಕರಕ್ಕೆ ಹೋದವರು ಅಲ್ಲೇ ಎದೆನೋವು ಬಂದು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ತಪ್ಪಾಯಿತು ಎಂಬ ಮಾತು ಹೇಳುವುದು ಕೊನೆಗೂ ಉಳಿದೇ ಹೋಯಿತು.

ಮಗಳಿಗೆ ಈಗ ಹದಿನೈದು. ಎದುರು ಮಾತಾಡುತ್ತಾಳೆ, ಉಂಡ ತಾಟು ಎತ್ತುವುದಿಲ್ಲ, ಒಂದು ಮಾತು ಅಂದರೆ ಸಾಕು, ಕೋಣೆಯ ಬಾಗಿಲನ್ನು ದಡಾರನೆ ಹಾಕಿಕೊಳ್ಳುತ್ತಾಳೆ. ನನಗೆ ಸಿಟ್ಟು ನೆತ್ತಿಗೇರುತ್ತದೆ. ಬೈಯಬೇಕೆಂದು ಬಾಗಿಲ ಮುಂದೆ ಹೋಗಿ ನಿಲ್ಲುತ್ತೇನೆ. ಒಳಗಿನಿಂದ ಅವಳು ಇನ್ನೂ ವಟಗುಟ್ಟುವುದು ಕೇಳಿಸುತ್ತದೆ. ನಾನು ಬೈಯುವುದನ್ನು ಬಿಟ್ಟು, ಅದನ್ನೇ ಕೇಳುತ್ತ ನಿಂತಿರುತ್ತೇನೆ.